ಫ್ರಿಜ್ಜಿನ ಮೇಲಿನ ಸಾಲ್ಸಾ

ನಮ್ಮ ಮನೆಯಲ್ಲಿ ಬಂಗುಡೆ ಸಾರು ಕುದಿಯುವುದು ಸ್ಪ್ಯಾನಿಷ್ ಭಾಷೆಯಲ್ಲಿ. ಹೀಗೆಂದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ಉರ್ವದ ನಮ್ಮ ಫ್ಲಾಟಿನ ಅಡುಗೆಮನೆಯಲ್ಲಿ, ಫ್ರಿಜ್ಜಿನ ಮೇಲೆ, ಯೇಸುವಿನ ಪವಿತ್ರ ಹೃದಯದ ಪಟದ ಪಕ್ಕದಲ್ಲಿ ಒಂದು ಪುಟ್ಟ ಇಂಟರ್‌ನೆಟ್ ರೇಡಿಯೋ ಇದೆ. ಗುಂಡಿ ಒತ್ತಿದರೆ ಸಾಕು, ಕೆರಿಬಿಯನ್ ಕಡಲಿನ ಸಾಂತೊ ದೊಮಿಂಗೊ ಎಂಬ ಊರಿನಿಂದ ತುತ್ತೂರಿ, ಡೋಲು, ಗಿಲಕಿ ಎಲ್ಲ ಒಟ್ಟಿಗೆ ನುಗ್ಗಿ ಬರುತ್ತವೆ. ಸಾಲ್ಸಾ ಎಂಬ ಕುಣಿತದ ಹಾಡುಗಳು. ನಡುನಡುವೆ ಒಬ್ಬ ಮನುಷ್ಯ ಉಸಿರು ಬಿಡದೆ ಮಾತಾಡುತ್ತಾನೆ. ಅವನು ಹಾಡಿನ ಹೆಸರು ಹೇಳುತ್ತಿದ್ದಾನೋ, ಹಾಸಿಗೆ ಮಾರುತ್ತಿದ್ದಾನೋ, ಯಾರನ್ನೋ ಜಗಳಕ್ಕೆ ಕರೆಯುತ್ತಿದ್ದಾನೋ ನನಗೆ ಗೊತ್ತಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅರ್ಥವಾಗದ್ದನ್ನು ಬಾಯಿಪಾಠ ಮಾಡಬೇಡಿ ಎಂದು ಮಕ್ಕಳಿಗೆ ದಿನಾ ಬುದ್ಧಿ ಹೇಳುವವಳು. ಆ ಮನುಷ್ಯನ ಜಾಹೀರಾತುಗಳು ಈಗ ನನಗೆ ತಪ್ಪಿಲ್ಲದೆ ಬಾಯಿಪಾಠ ಬರುತ್ತವೆ.

ಈ ರೇಡಿಯೋ ತಂದದ್ದು ನನ್ನ ಗಂಡ ಫ್ರೆಡ್ಡಿ. ಪ್ರವಾಸಿಗಳನ್ನು ಸುತ್ತಿಸುವ ದೊಡ್ಡ ಹಡಗೊಂದರಲ್ಲಿ ಅವರು ಅಡುಗೆಯವರು. ಆ ಹಡಗು ವಾರವಿಡೀ ದ್ವೀಪದಿಂದ ದ್ವೀಪಕ್ಕೆ ತಿರುಗಿ ಶನಿವಾರ ಸಂಜೆ ಸಾಂತೊ ದೊಮಿಂಗೊದ ದಕ್ಕೆಗೆ ಬಂದು ನಿಲ್ಲುತ್ತದೆ. ಕಳೆದ ರಜೆಯಲ್ಲಿ ಬಂದವರು ರೇಡಿಯೋವನ್ನು ಫ್ರಿಜ್ಜಿನ ಮೇಲಿಟ್ಟು, ಆ ಊರಿನ ಸ್ಟೇಷನ್ ಹುಡುಕಿ ಕೂರಿಸಿಕೊಟ್ಟರು. ನಾವು ಮಾತಾಡುವುದು ಕೊಂಕಣಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ನೀನು ಇಲ್ಲಿ ಕೇಳು ಐರಿನ್, ನಾನು ಅಲ್ಲಿ ಕೇಳ್ತೇನೆ. ಒಂದೇ ಹಾಡು, ಒಂದೇ ಹೊತ್ತು. ದೂರ ಇದ್ದೇವೆ ಅಂತ ಅನಿಸುವುದಿಲ್ಲ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಫ್ರೆಡ್ಡಿ ನನಗೆ ಹೇಳಿದ ಅತ್ಯಂತ ಪ್ರೀತಿಯ ಮಾತು ಇದು. ಅದಕ್ಕೆ ಮೊದಲು ಆ ಸ್ಥಾನದಲ್ಲಿದ್ದದ್ದು "ಇವತ್ತು ಪದಾರ್ಥಕ್ಕೆ ಹುಳಿ ಸರಿ ಉಂಟು" ಎಂಬ ಮಾತು. ಹಾಗಾಗಿ ನಾನು ಕರಗಿಹೋದೆ. ಹಡಗಿನವರ ಹೆಂಡತಿಯರು ಕರಗುವುದಕ್ಕೆ ಹೆಚ್ಚೇನೂ ಬೇಕಾಗುವುದಿಲ್ಲ.

ಪ್ರೀತಿ ಎಂದಾಗ ಇನ್ನೊಂದು ಸಂಗತಿ ನೆನಪಾಯಿತು. ನನ್ನ ಶಾಲೆ ನಂತೂರಿನ ಆಚೆ. ಬೆಳಿಗ್ಗೆ ಸ್ಕೂಟರ್ ಹೊರಡಿಸುವ ಹೊತ್ತಿಗೆ ಒಮ್ಮೊಮ್ಮೆ ಫ್ರೆಡ್ಡಿಯ ಫೋನು ಬರುವುದುಂಟು. "ಇವತ್ತು ನಂತೂರಿನ ಮೇಲೆ ಹೋಗಬೇಡ, ಸುತ್ತು ಹಾಕಿ ಹೋಗು" ಎನ್ನುತ್ತಾರೆ. ಹೋದರೆ ನಿಜಕ್ಕೂ ಅಲ್ಲಿ ಯಾವುದೋ ಲಾರಿ ಅಡ್ಡ ನಿಂತು ಹೆದ್ದಾರಿಯೇ ಕಟ್ಟಿಹೋಗಿರುತ್ತದೆ. ಸಮುದ್ರದ ಆಚೆ ಕೂತವರಿಗೆ ಇದು ಹೇಗೆ ತಿಳಿಯುತ್ತದೆ? ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಾ, "ನಮ್ಮ ಫ್ರೆಡ್ಡಿಗೆ ಮನಸ್ಸಿಗೆ ತೋಚುತ್ತದೆ. ನನಗೆ ಕಷ್ಟ ಬರುವುದಿದ್ದರೆ ಅವರಿಗೆ ಅಲ್ಲಿ ಎದೆ ಡವಡವ ಎನ್ನುತ್ತದೆ" ಎಂದು ಹೇಳಿಕೊಂಡಿದ್ದೆ. ಸಹೋದ್ಯೋಗಿಗಳು ತಮ್ಮ ತಮ್ಮ ಗಂಡಂದಿರನ್ನು ನೆನೆದು ನಿಟ್ಟುಸಿರು ಬಿಟ್ಟಿದ್ದರು. ಈ ವಿಷಯ ಮರೆಯಬೇಡಿ, ಮುಂದೆ ನನ್ನ ಮಾನ ಹೋಗುವುದಕ್ಕೆ ಬೇಕು.

ಸಾಲ್ಸಾಕ್ಕೂ ನನಗೂ ಮೊದಲಿನಿಂದ ಯಾವ ಸಂಬಂಧವೂ ಇರಲಿಲ್ಲ. ನಮ್ಮ ಜನರಿಗೆ ಮದುವೆಯೆಂದರೆ ಬ್ಯಾಂಡು, ಬ್ಯಾಂಡೆಂದರೆ ಕುಣಿತ. ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಮುಗಿದು ಕೇಕು ಕತ್ತರಿಸಿದ ಮೇಲೆ ಎಂಬತ್ತರ ಅಜ್ಜಿಯೂ ಸೆರಗು ಸಿಕ್ಕಿಸಿಕೊಂಡು ನಡುವೆ ಇಳಿಯುತ್ತಾಳೆ. ನಾನೊಬ್ಬಳು ಮಾತ್ರ ಹುಟ್ಟಿದಾರಭ್ಯ ಕುರ್ಚಿಯಲ್ಲಿ. ನನ್ನ ಬಲಗಾಲಿಗೆ ಎಡಗಾಲಿನ ಪರಿಚಯವಿಲ್ಲ. ಕುಣಿಯಲು ಹೋಗುವ ಹೆಂಗಸರೆಲ್ಲ ನನ್ನ ಮಡಿಲಿಗೆ ತಮ್ಮ ಹ್ಯಾಂಡ್‌ಬ್ಯಾಗ್ ಹಾಕಿ ಹೋಗುತ್ತಿದ್ದರು. ನನ್ನ ಸ್ವಂತ ಮದುವೆಯಲ್ಲಿ ಮೊದಲ ಕುಣಿತ ಗಂಡು ಹೆಣ್ಣಿನದ್ದೇ ಆಗಬೇಕಲ್ಲ, ಅಂದು ಫ್ರೆಡ್ಡಿಯ ಹೊಸ ಬೂಟನ್ನು ತುಳಿದು ತುಳಿದು ಅದರ ಹೊಳಪು ತೆಗೆದೆ. ಆಮೇಲೆ ಮದುಮಗಳಾದ ನಾನು ಬಿಳಿ ಗೌನಿನಲ್ಲಿ ಕೂತು ನಾದಿನಿಯರ ಬ್ಯಾಗುಗಳನ್ನು ಕಾದೆ. ಫೋಟೋ ಇದೆ, ಬೇಕಿದ್ದರೆ ತೋರಿಸುತ್ತೇನೆ.

ಇಂಥವಳ ಅಡುಗೆಮನೆಗೆ ಸಾಲ್ಸಾ ಬಂತು. ಮೊದಮೊದಲು ಗಂಡನ ಮೇಲಿನ ಪ್ರೀತಿಗೆಂದು ತಲೆನೋವು ಸಹಿಸಿಕೊಂಡು ಕೇಳಿದೆ. ಒಂದು ದಿನ ತೆಂಗಿನಕಾಯಿ ತುರಿಯುತ್ತಾ ಕೂತಿದ್ದಾಗ ನನ್ನ ಕೈ ಡೋಲಿಗೆ ಸರಿಯಾಗಿ ಹೋಗುತ್ತಿರುವುದು ಕಂಡಿತು. ಮತ್ತೊಂದು ದಿನ ಸೊಂಟ. ಮನೆಯಲ್ಲಿರುವುದು ನಾನು ಮತ್ತು ಅತ್ತೆ ಇಬ್ಬರೇ. ಅತ್ತೆಗೆ ಕಣ್ಣು ಮಂಜು, ನೋಡುವವರಿಲ್ಲ ಎಂದು ಧೈರ್ಯವಾಗಿ ಸೌಟು ಹಿಡಿದು ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಒಲೆಗೆ ಕುಣಿದೆ. ಆದರೆ ಅತ್ತೆಯ ಕಿವಿ ಬಹಳ ಚುರುಕು. ಸಂಜೆ ಜಪಸರ ಹೇಳುವಾಗ ನನ್ನ 'ನಮಾನ್ ಮರಿಯೆ' ತನ್ನಷ್ಟಕ್ಕೆ ಸಾಲ್ಸಾದ ಓಟ ಹಿಡಿಯುತ್ತಿತ್ತು. ಒಂದು ಸಂಜೆ ಅತ್ತೆ ಮಣಿ ನಿಲ್ಲಿಸಿ ಕೇಳಿದರು:

"ಐರಿನ್, ದೇವಮಾತೆಗೆ ಎಂತ ಬಸ್ಸು ತಪ್ಪುತ್ತದಾ?"

ಈ ನಾಚಿಕೆಯಿಂದಲೇ ಬೂದಿ ಬುಧವಾರ ಒಂದು ಪ್ರತಿಜ್ಞೆ ಮಾಡಿದೆ. ಈಸ್ಟರಿನ ಹಿಂದಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ನಮ್ಮವರು ಪ್ರಿಯವಾದ ಏನನ್ನಾದರೂ ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಕುಡಿತ. ನಾನು ಪ್ರತಿ ವರ್ಷ ಸಕ್ಕರೆ ಬಿಡುತ್ತೇನೆ ಎಂದು ಹೇಳಿ ಪ್ರತಿ ವರ್ಷ ಬೆಲ್ಲದ ಮೊರೆ ಹೋಗುವವಳು. ಈ ಸಲ ಸಾಲ್ಸಾ ಬಿಟ್ಟೆ. ರೇಡಿಯೋದ ಮೇಲೆ ಟೀ ಬಟ್ಟೆ ಹೊದಿಸಿದೆ. ಕೇಳಿ ಅತ್ತೆ ಎರಡು ಕೈ ಎತ್ತಿ ದೇವರಿಗೆ ಸ್ತೋತ್ರ ಹೇಳಿದರು. ಸಕ್ಕರೆ ಬಿಟ್ಟಾಗ ಇಷ್ಟು ಸಂತೋಷಪಟ್ಟಿರಲಿಲ್ಲ.

ಕಷ್ಟವಾದದ್ದು ಕೊನೆಯ ವಾರ. ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಫ್ರೆಡ್ಡಿ ಫೋನು ಮಾಡಿದರು. ಈ ಜೂನಿಗೆ ಅವರ ಕಾಂಟ್ರಾಕ್ಟ್ ಮುಗಿದು ಕಾಯಮ್ಮಾಗಿ ಊರಿಗೆ ಬರುವುದೆಂದು ಮಾತಾಗಿತ್ತು. ನಾನು ಹಂಪನಕಟ್ಟೆಯ ಪೇಟೆಗೆ ಹೋಗಿ ಅವರಿಗೆಂದು ಲುಂಗಿ ಕೂಡ ತಂದಿಟ್ಟಿದ್ದೆ. ಫ್ರೆಡ್ಡಿ ಅದೂ ಇದೂ ಮಾತಾಡಿ ಕೊನೆಗೆ, "ಕಂಪೆನಿಯವರು ಇನ್ನೊಂದು ಕಾಂಟ್ರಾಕ್ಟಿಗೆ ಸೈನ್ ಹಾಕು ಅಂತಿದ್ದಾರೆ" ಎಂದರು. ಕೇಳುವ ಧಾಟಿಯಲ್ಲಿ ಅಲ್ಲ, ಹೇಳುವ ಧಾಟಿಯಲ್ಲಿ. ನನಗೆ ಸಿಟ್ಟು ನೆತ್ತಿಗೇರಿತು.

"ಹಾಕಿ. ಅಲ್ಲೇ ಇರಿ. ನಿಮಗೆ ಆ ತುತ್ತೂರಿಯೇ ಹೆಂಡತಿ" ಎಂದು ಫೋನಿಟ್ಟೆ.

ಮಾರನೆಯ ದಿನ ಸಿಟ್ಟಿಳಿದ ಮೇಲೆ 'ಊಟ ಆಯ್ತಾ' ಎಂದು ಮೆಸೇಜು ಹಾಕಿದೆ. ತಲುಪಲೇ ಇಲ್ಲ, ಒಂದೇ ಟಿಕ್ಕು. ಮಂಗಳವಾರ, ಬುಧವಾರ, ಗುರುವಾರ, ಎಲ್ಲ ದಿನವೂ ಒಂದೇ ಟಿಕ್ಕು. ಸೈನ್ ಹಾಕಿರಬೇಕು, ಹೇಳಲು ಹೆದರಿ ಫೋನ್ ಬಂದ್ ಮಾಡಿ ಕೂತಿದ್ದಾರೆ ಎಂದುಕೊಂಡೆ. ಗುಡ್ ಫ್ರೈಡೇ ದಿನ ಗಂಜಿ ಕುಡಿದು, ಉಪವಾಸವಿದ್ದು, ಅತ್ತೆಯ ಕೈಹಿಡಿದು ಚರ್ಚಿಗೆ ಹೋಗಿ ಶಿಲುಬೆಯ ಪಾದಕ್ಕೆ ಮುತ್ತಿಟ್ಟು ಬಂದೆ. ಪ್ರಾರ್ಥನೆಯ ನಡುವೆಯೂ ಬ್ಯಾಗಿನಲ್ಲಿದ್ದ ಫೋನಿನ ಕಡೆಗೇ ಗಮನವಿತ್ತು ಎಂಬುದನ್ನು ಇಲ್ಲಿಗೇ ಬಿಟ್ಟುಬಿಡೋಣ.

ಶನಿವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ತಪಸ್ಸುಕಾಲ ಹೇಗೂ ಮುಗಿದ ಹಾಗೇ ಅಲ್ಲವೇ ಎಂದು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಗಂಡನ ದನಿಯಿಲ್ಲದಿದ್ದರೂ ಗಂಡನ ಹಡಗು ಬಂದು ನಿಲ್ಲುವ ಊರಿನ ಗದ್ದಲವಾದರೂ ಕೇಳೋಣ ಎನಿಸಿತು. ಟೀ ಬಟ್ಟೆ ತೆಗೆದು ಗುಂಡಿ ಒತ್ತಿದೆ.

ತುತ್ತೂರಿಯಿಲ್ಲ. ಡೋಲಿಲ್ಲ. ಪಿಟೀಲುಗಳು ಎದೆ ಹಿಂಡುವಂತೆ ಎಳೆಯುತ್ತಿದ್ದವು. ಅದು ನಿಂತ ಮೇಲೆ ದಪ್ಪ ಗಂಟಲಿನ ಗಂಡಸರು ಗುಂಪಾಗಿ ನಿಧಾನಕ್ಕೆ ಹಾಡಿದರು. ಉಸಿರು ಬಿಡದೆ ಮಾತಾಡುವ ನಮ್ಮ ಮನುಷ್ಯ ಇಂದು ಒಂದು ಮಾತು ಆಡಿ, ತಡೆದು, ಮತ್ತೊಂದು ಆಡುತ್ತಿದ್ದ. ಹಾಸಿಗೆಯ ಜಾಹೀರಾತು ಒಂದೂ ಇಲ್ಲ.

ನಾನು ಗಾಬರಿಯಿಂದ ಶಿಲುಬೆಯ ಗುರುತು ಹಾಕಿಕೊಂಡೆ. ಯಾಕೆಂದು ನಿಮ್ಮಲ್ಲಿ ನನ್ನ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ. ನಾವು ಬೆಳೆದದ್ದು ಒಂದೇ ರೇಡಿಯೋ, ಒಂದೇ ನಿಲಯದ ಕಾಲದಲ್ಲಿ. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಅವರ ರೇಡಿಯೋಕ್ಕೆ ಅಮ್ಮ ಕ್ರೋಶಾದಲ್ಲಿ ಹೆಣೆದ ಅಂಗಿಯಿತ್ತು. ಬೆಳಿಗ್ಗೆ ಹಾಕಿದಾಗ ಸಿನಿಮಾ ಹಾಡಿನ ಬದಲು ಪಿಟೀಲು, ವೀಣೆ ಮಾತ್ರ ಬಂದರೆ ದೊಡ್ಡವರು ಯಾರೋ ತೀರಿಕೊಂಡರೆಂದೇ ಲೆಕ್ಕ. ಅಪ್ಪ ಟವೆಲು ಹೆಗಲಿಂದ ತೆಗೆದು ನಿಂತುಬಿಡುತ್ತಿದ್ದರು. ಹೆಸರು ತಿಳಿಯುವವರೆಗೆ ಮನೆಯಲ್ಲಿ ಮಾತಿಲ್ಲ. ನಾನು ಮಾತ್ರ ಕಂಬದ ಹಿಂದೆ ನಿಂತು ಶಾಲೆಗೆ ರಜೆ ಇರಬಹುದೇ ಎಂದು ಮನಸ್ಸಿನಲ್ಲೇ ಹಿಗ್ಗುತ್ತಿದ್ದೆ. ಆ ಪಾಪವೆಲ್ಲ ಈಗ ತಿರುಗಿ ಬಂತು ಅನಿಸಿತು. ಅಂಥ ಗಲಾಟೆಯ ಸ್ಟೇಷನ್ನು ಹೀಗೆ ಅಳಬೇಕಾದರೆ ಅಲ್ಲಿ ಏನೋ ದೊಡ್ಡದೇ ಆಗಿರಬೇಕು. ಆ ಊರಿನಲ್ಲಿ ಏನು ದೊಡ್ಡದಿದೆ? ಹಡಗು. ಆ ಹಡಗಿನಿಂದ ಒಂದೇ ಟಿಕ್ಕು. ನಾನು ಅವರಿಗೆ ಆಡಿದ ಕೊನೆಯ ಮಾತು ತುತ್ತೂರಿಯೇ ಹೆಂಡತಿ ಎಂದು.

ಅತ್ತೆಗೆ ಕೇಳಿಸಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡೆ. ಹಡಗಿನ ಹೆಸರು ಬರುತ್ತದೋ ಎಂದು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ ರೇಡಿಯೋಕ್ಕೆ ಕಿವಿ ಹಚ್ಚಿ ನಿಂತೆ. ಆ ಅವಸ್ಥೆಯಲ್ಲಿರುವಾಗಲೇ ಎದುರು ಫ್ಲಾಟಿನ ಮೈಮುನಾ ಬಂದಳು. ಅವಳ ಗಂಡನಿಗೆ ಹಂಪನಕಟ್ಟೆಯಲ್ಲಿ ಜವಳಿ ಅಂಗಡಿ, ತವರಿನವರೆಲ್ಲ ಗಲ್ಫಿನಲ್ಲಿ. ನಾವಿಬ್ಬರೂ ಈ ಕಟ್ಟಡಕ್ಕೆ ಒಂದೇ ವರ್ಷ ಬಂದವರು. ಈಸ್ಟರಿಗೆ ಇಡ್ಲಿಯಂಥ ಸನ್ನಾ ಬೇಯಿಸಲು ನನಗೆ ಅವಳ ತೊಂದೂರು, ಅಂದರೆ ದೊಡ್ಡ ಹಬೆಪಾತ್ರೆ, ಬೇಕಿತ್ತು. ಅದನ್ನು ಎತ್ತಿಕೊಂಡು ಬಂದಿದ್ದಳು.

"ಎಂತ ಆಯ್ತು ಟೀಚರ್? ಕಣ್ಣೆಲ್ಲ ಕೆಂಪು!"

"ಮೈಮುನಾ, ಹಡಗು..." ಎಂದು ರೇಡಿಯೋ ತೋರಿಸಿದೆ.

ಅವಳು ತೊಂದೂರನ್ನು ಸೊಂಟಕ್ಕೆ ಒರಗಿಸಿ ಸ್ವಲ್ಪ ಹೊತ್ತು ಕೇಳಿದಳು. "ಚೆಂದ ಉಂಟಲ್ಲ. ದಿನಾ ಹಾಕುವ ಗಲಾಟೆಗಿಂತ ಎಷ್ಟೋ ವಾಸಿ."

"ಯಾರೋ ಸತ್ತಿದ್ದಾರೆ ಮಾರಾಯ್ತಿ! ಸುಮ್ಮನೆ ಯಾರಾದರೂ ಇಂಥದ್ದು ಹಾಕ್ತಾರಾ? ಫ್ರೆಡ್ಡಿ ಆರು ದಿನದಿಂದ ಫೋನೂ ಮಾಡಿಲ್ಲ."

ಮೈಮುನಾ ತೊಂದೂರು ಕೆಳಗಿಟ್ಟು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ನೀರು ಕೊಟ್ಟಳು. ಆಮೇಲೆ ಕೇಳಿದಳು, "ಅಲ್ಲಿ ಈಗ ಗಂಟೆ ಎಷ್ಟು?"

"ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ."

"ಹಾಗಾದ್ರೆ ಅಲ್ಲಿ ಇನ್ನೂ ನಿನ್ನೆ."

"ಹೌದು, ಶುಕ್ರವಾರ ರಾತ್ರಿ."

"ಯಾವ ಶುಕ್ರವಾರ, ಟೀಚರ್?"

ಮೈಮುನಾಳ ತುಟಿಯ ತುದಿ ಅದುರಲು ಸುರುವಾಗಿತ್ತು.

"ದಮ್ಮಾಮ್‌ನಿಂದ ನಮ್ಮ ಅಣ್ಣ ಪೆರ್ನಾಲಿನ, ಈದ್ ಹಬ್ಬದ, ಬಿರಿಯಾನಿ ತಿಂದು ಫೋಟೋ ಕಳಿಸ್ತಾನೆ. ಆಗ ನಾವು ಇಲ್ಲಿ ಉಪವಾಸ ಹಿಡಿದು, ಬಾಯಿ ಒಣಗಿಸಿಕೊಂಡು ಕೂತಿರ್ತೇವೆ. ಅಲ್ಲಿ ಹಬ್ಬ ಒಂದು ದಿನ ಮೊದಲು ಅಲ್ವಾ? ಅದೇ ಹಾಗೆ ನಿಮ್ಮ ಶುಕ್ರವಾರ ಅಲ್ಲಿ ಹಿಂದೆ. ಮತ್ತೆ ನೀವು ನಿನ್ನೆ ಇಡೀ ದಿನ ಗಂಜಿ ಕುಡಿದು ಚರ್ಚಿನಲ್ಲಿ ಕೂತದ್ದು ಯಾರಿಗೋಸ್ಕರ?"

ಯಾರೋ ಸತ್ತದ್ದು ನಿಜವೇ. ಹಿಂದಿನ ದಿನವಷ್ಟೇ ನಾನು ಅವರ ಪಾದಕ್ಕೆ ಮುತ್ತಿಟ್ಟು ಬಂದಿದ್ದೆ. ಜ್ಞಾನಸ್ನಾನವಾದಂದಿನಿಂದ ಕಥೊಲಿಕಳಾದ, ಭಾನುವಾರದ ಪೂಜೆಯಲ್ಲಿ ವಾಚನ ಓದುವ ನನಗೆ, ಆ ಕಥೊಲಿಕರ ಊರಿನಲ್ಲಿ ಇನ್ನೂ ಗುಡ್ ಫ್ರೈಡೇ ಎಂದು ಬ್ಯಾರಿ ನೆರೆಯವಳು ತಿಳಿಸಿಕೊಡಬೇಕಾಯಿತು. ಇಬ್ಬರೂ ನಗಲು ತೊಡಗಿ ನಿಲ್ಲಿಸಲಾರದೆ ಗೋಡೆ ಹಿಡಿದುಕೊಂಡೆವು. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು:

"ಇವತ್ತಾದರೂ ಒಳ್ಳೆಯ ಹಾಡು ಹಾಕಿದೆಯಲ್ಲ ಮಗಾ. ಇನ್ನು ದಿನಾ ಇದನ್ನೇ ಹಾಕು."

ನಗು ಮುಗಿದ ಮೇಲೆ ನೋಡಿದರೆ ಫೋನಿನಲ್ಲಿ ಒಂದೇ ಟಿಕ್ಕು. ಹಡಗು ಮುಳುಗಿಲ್ಲ ಎಂದು ಸಮಾಧಾನವಾಯಿತು, ಹಾಗಾದರೆ ಸೈನ್ ಹಾಕಿದ್ದಾರೆ ಎಂಬ ಸಂಕಟ ಹಾಗೇ ಉಳಿಯಿತು. ನಾನು ಆ ದಿನವಿಡೀ ರೇಡಿಯೋ ಬಂದ್ ಮಾಡಲಿಲ್ಲ. ಅತ್ತೆಗಾಗಿ ದನಿ ತಗ್ಗಿಸಲೂ ಇಲ್ಲ.

ಈಸ್ಟರ್ ಭಾನುವಾರ ಬೆಳಗಿನ ಪೂಜೆ ಮುಗಿಸಿ ಬಂದು ತಿಂಡಿಗೆ ಕೂತೆವು. ಮೈಮುನಾ ಬಂದಿದ್ದಳು. ಅವಳೇ ತರಿಸಿಕೊಟ್ಟ ಹಲಾಲ್ ಕೋಳಿಯ ಸಾರು ಅವಳಿಗೆ, ನಮ್ಮ ಹಂದಿಮಾಂಸದ ಪಾತ್ರೆ ಒಳಗಿನ ಮೇಜಿನಲ್ಲಿ. ಫ್ರಿಜ್ಜಿನ ಮೇಲೆ ಗಂಡಸರ ಗುಂಪು ಇನ್ನೂ ನಿಧಾನಕ್ಕೆ ಹಾಡುತ್ತಲೇ ಇತ್ತು. ಗಂಟೆ ಒಂಬತ್ತೂವರೆ ಹೊಡೆಯಿತು. ಸನ್ನಾ ಅತ್ತೆಯ ಬಾಯಿಯ ಹತ್ತಿರ ಹೋಗಿತ್ತು. ತುತ್ತೂರಿ, ಡೋಲು, ಗಿಲಕಿ, ಆ ಮನುಷ್ಯ ಎಲ್ಲರೂ ಒಮ್ಮೆಲೇ ಕಿರುಚಿದರು. ಅಲ್ಲಿ ನಡುರಾತ್ರಿ ದಾಟಿ ಈಸ್ಟರ್ ಸುರುವಾಗಿತ್ತು. ಅತ್ತೆಯ ಸನ್ನಾ ಸಾರಿಗೆ ಬಿತ್ತು. ಮೇಲಿನ ಮಹಡಿಯವರು ನೆಲ ಬಡಿದರು. ಆ ಗದ್ದಲದಲ್ಲಿ ನನ್ನ ಫೋನು ಹೊಡೆದುಕೊಳ್ಳುತ್ತಿರುವುದನ್ನು ನೋಡಿದ್ದು ಮೈಮುನಾ. ಗುರುತಿಲ್ಲದ ನಂಬರು.

"ಹ್ಯಾಪಿ ಈಸ್ಟರ್ ಐರಿನ್. ನನ್ನ ಫೋನ್ ಸೋಮವಾರ ಸೂಪಿಗೆ ಬಿತ್ತು."

ಫ್ರೆಡ್ಡಿ! ಬಗ್ಗಿ ಉಪ್ಪು ನೋಡುವಾಗ ಅಂಗಿಯ ಕಿಸೆಯಿಂದ ಜಾರಿ ದೊಡ್ಡ ಹಂಡೆಗೆ ಬಿದ್ದಿತ್ತಂತೆ. ಈಗ ದಕ್ಕೆಯಲ್ಲಿ ನಿಂತು ಯಾರದ್ದೋ ಫೋನು ಬೇಡಿ ಮಾಡುತ್ತಿದ್ದರು. ನಾನು ಅಳುತ್ತಾ, ಬೈಯುತ್ತಾ, ಪಿಟೀಲು, ಹಡಗು, ಮೈಮುನಾ, ಶುಕ್ರವಾರ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರ ಹಿಂದೆಯೂ ನಮ್ಮ ಫ್ರಿಜ್ಜಿನ ಮೇಲಿನ ಹಾಡೇ ಕೇಳುತ್ತಿತ್ತು, ಸ್ವಲ್ಪ ಮುಂದಾಗಿ.

"ಮೊದಲು ಆ ರೇಡಿಯೋ ಬಂದ್ ಮಾಡು ಮಾರಾಯ್ತಿ" ಎಂದರು ಫ್ರೆಡ್ಡಿ. "ಇಲ್ಲಿಯೂ ಅದೇ, ಅಲ್ಲಿಯೂ ಅದೇ. ನನ್ನ ತಲೆ ಚಿಟ್ಟು ಹಿಡಿದಿದೆ."

"ನೀವೇ ಅಲ್ವಾ ಒಟ್ಟಿಗೆ ಕೇಳುವ ಅಂದದ್ದು?"

"ಅದು ನಿನಗೆ ಜೊತೆಗೆ ಆಗಲಿ ಅಂತ ಹೇಳಿದ್ದು. ನಾನು ಎಲ್ಲಿ ಕೇಳ್ತೇನೆ? ನಾನು ಕ್ಯಾಬಿನ್ನಿನಲ್ಲಿ ಇಂಟರ್‌ನೆಟ್ಟಿನಿಂದ ಕಿವಿಗೆ ಹಾಕಿಕೊಳ್ಳುವುದು ನಮ್ಮ ಊರಿನ ಎಫ್ಎಂ. ಹಂಪನಕಟ್ಟೆಯ ಸೀರೆ ಅಂಗಡಿಯ ಜಾಹೀರಾತು ನಂಗೆ ಬಾಯಿಪಾಠ. ಇವತ್ತು ನಂತೂರಿನಲ್ಲಿ ಲಾರಿ ಕೆಟ್ಟು ನಿಂತಿದೆ ಅಂತ ಅವರು ಹೇಳ್ತಾರಲ್ಲ, ಅದನ್ನು ಕೇಳಿಯೇ ನಿಂಗೆ ಫೋನ್ ಮಾಡುವುದು."

ಎದೆ ಡವಡವ ಎನ್ನುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ ನನ್ನ ಮಾತು ನನಗೇ ಕೇಳಿಸಿತು. ಮೈಮುನಾ ಮುಖ ಆಚೆ ತಿರುಗಿಸಿದಳು, ಅವಳಿಗೂ ಆ ಕತೆಯನ್ನು ಎರಡೆರಡು ಸಲ ಹೇಳಿದ್ದೆ.

"ಮತ್ತೆ ಆ ಸೈನು?" ಎಂದು ಕೇಳಿದೆ.

"ಹಾಕಿಲ್ಲ. ಹಾಕುವುದಿಲ್ಲ. ನಂತೂರಿನ ಲಾರಿಯ ಸುದ್ದಿ ಕೇಳಿ ಕಣ್ಣಿಗೆ ನೀರು ಬರುವವನು ಇನ್ನು ಇಲ್ಲಿ ಎಂತ ಮಾಡುವುದು, ಐರಿನ್? ನಂಗೆ ಸಾಕಾಯ್ತು. ಮನೆಗೆ ಬರಬೇಕು ಅಂತ ಉಂಟು."

ಜೂನಿನಲ್ಲಿ ಫ್ರೆಡ್ಡಿ ಬಂದರು. ಹೊಸ ಲುಂಗಿ ಉಟ್ಟರು. ಈಗ ಅಡುಗೆಯೂ ಅವರದ್ದೇ, ನನಗೆ ಒಲೆಯ ಹತ್ತಿರ ಕೆಲಸವಿಲ್ಲ. ಬಂದ ಮೊದಲ ದಿನವೇ ಕೈ ಎತ್ತಿ ರೇಡಿಯೋದ ಗುಂಡಿ ಹುಡುಕಿದರು. "ಇನ್ನೊಂದೇ ಹಾಡು" ಎಂದೆ. ಆ ಇನ್ನೊಂದೇ ಹಾಡು ಈಗಲೂ ಮುಗಿದಿಲ್ಲ. ತಮಗಾಗಿ ಗಲಾಟೆ ಸಹಿಸುತ್ತಿದ್ದ ಹೆಂಡತಿಗೆ ಅದೇ ಗಲಾಟೆಯ ಹುಚ್ಚು ಹಿಡಿದಿದೆ ಎಂದು ಅವರು ಎಲ್ಲರ ಹತ್ತಿರ ದೂರು ಹೇಳುತ್ತಾರೆ. ದಿನಾ ಸಂಜೆ ಈರುಳ್ಳಿ ಹೆಚ್ಚುತ್ತಾ ನನ್ನನ್ನೂ, ರೇಡಿಯೋವನ್ನೂ, ಆ ಹಾಸಿಗೆ ಮಾರುವವನನ್ನೂ ಒಟ್ಟಿಗೆ ಬೈಯುತ್ತಾರೆ. ನಾನು ಬಾಗಿಲಿಗೆ ಒರಗಿ ನೋಡುತ್ತೇನೆ. ಬಾಯಿ ಬೈಯುತ್ತಿರುತ್ತದೆ, ಕೈಯ ಕತ್ತಿ ಮಣೆಯ ಮೇಲೆ ಡೋಲಿಗೆ ಸರಿಯಾಗಿ ಬೀಳುತ್ತಿರುತ್ತದೆ, ಒಂದು ಪೆಟ್ಟೂ ತಪ್ಪದೆ. ಅವರಿಗೆ ಹೇಳಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೆ.